ಭೂಮಿತಾಯಿ ಬಯಕೆ ಬುಟ್ಟಿ

ನವರಾತ್ರಿ ಮುಗಿದು ಬನ್ನಿ ಹಂಚಿದ ಮಾರನೇ ದಿನದಿಂದ ನಮ್ಮವ್ವ ಸೊಪ್ಪು ಎಣಿಸಕ್ಕೆ ಶುರು ಮಾಡ್ತಾಳೆ. ಆಶ್ವೀಜ ಹುಣ್ಣಿಮೆಗೆ ಇನ್ನು ನಾಲ್ಕು ದಿನ ಇರ್ತದೆ ಅಷ್ಟೆ. ವಯಸ್ಸು ಎಂಬತ್ತು ದಾಟಿದೆ, ಕಣ್ಣು ಮೊದಲಿನ ಹಂಗೆ ಕಾಣಲ್ಲ, ಮೊಣಕಾಲು ಮಡಚಕ್ಕೆ ಆಗಲ್ಲ. ಆದ್ರೂ ಜಗಲಿ ಕಟ್ಟೆ ಮೇಲೆ ಕೂತ್ಕೊಂಡು ಬೆರಳು ಮಡಚಿ, “ಹರಿವೆ ಒಂದು, ಕೆಸ ಎರಡು, ಬಸಳೆ ಮೂರು, ಕುಂಬಳದ ಕುಡಿ ನಾಲ್ಕು” ಅಂತ ಲೆಕ್ಕ ಹಾಕ್ತಾಳೆ. ಅವಳ ಲೆಕ್ಕ ನೂರ ಒಂದಕ್ಕೆ ಮುಟ್ಟಬೇಕು. ನನಗೆ ಬುದ್ಧಿ ಬಂದಾಗಿಂದ ಒಂದು ವರ್ಷನೂ ಸರಿಯಾಗಿ ನೂರ ಒಂದು ಆಗಿದ್ದು ನಾ ಕಂಡಿಲ್ಲ. ಆದ್ರೆ ಎಣಿಸೋದು ಬಿಟ್ಟಿದ್ದೂ ಕಂಡಿಲ್ಲ.

ನಮ್ಮ ತವರು ಸೊರಬ ತಾಲೂಕು, ಚಂದ್ರಗುತ್ತಿ ಹೋಬಳಿ ಕಡೆ. ಕೊಟ್ಟಿದ್ದು ಶಿಕಾರಿಪುರ ತಾಲೂಕಿಗೆ, ಹಿರೇಕೆರೂರು ಗಡಿ ಹತ್ರ. ಎರಡೂ ಒಂದೇ ಶಿವಮೊಗ್ಗ ಜಿಲ್ಲೆ, ಮಧ್ಯ ಶಿರಾಳಕೊಪ್ಪ. ಬಸ್ಸಲ್ಲಿ ಹೋದ್ರೆ ಅರ್ಧ ದಿನದ ದಾರಿನೂ ಅಲ್ಲ. ಆದ್ರೆ ಅಡುಗೆಮನೆ ಮಾತ್ರ ಬೇರೆ ಬೇರೆ. ಅಲ್ಲಿ ಕಾಡು, ತೋಟ, ಅಕ್ಕಿ, ಕಡುಬು. ಇಲ್ಲಿ ಕೆರೆ, ಹೊಲ, ರೊಟ್ಟಿ, ಹೋಳಿಗೆ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗೋ ಗೆರೆ ನನ್ನ ತವರಿಗೂ ಗಂಡನ ಮನೆಗೂ ನಡುವೆ ಎಲ್ಲೋ ಹಾದು ಹೋಗ್ತದೆ. ಈ ಹುಣ್ಣಿಮೆ ದಿನ ಮಾತ್ರ ಎರಡು ಕಡೆಯವರೂ ಒಂದೇ ಕೆಲಸ ಮಾಡ್ತಾರೆ. ಹೊತ್ತು ಹುಟ್ಟೋ ಮುಂಚೆ ಅಡುಗೆ ಮಾಡಿ, ಬುಟ್ಟಿ ತುಂಬಿ, ಭೂಮಿಗೆ ಉಣ್ಣಿಸಕ್ಕೆ ಹೋಗ್ತಾರೆ. ಸೊರಬದಲ್ಲಿ ಅದಕ್ಕೆ ಭೂಮಿ ಹುಣ್ಣಿಮೆ, ಭೂಮಣ್ಣಿ ಹಬ್ಬ ಅಂತಾರೆ. ನಮ್ಮ ಗಂಡನ ಮನೆ ಕಡೆ ಸೀಗಿ ಹುಣ್ಣಿಮೆ.

ಗೊತ್ತಿಲ್ದೇ ಇರೋರಿಗೆ ಒಂದು ಮಾತು. ಬಸುರಿ ಹೆಂಗಸಿಗೆ ಬಯಕೆ ಊಟ ಹಾಕ್ತೀವಲ್ಲ, ಇದೂ ಅದೇ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ಕಟ್ಟಿರ್ತದೆ. ತೆನೆ ಇನ್ನೂ ಹೊರಗೆ ಬಂದಿರಲ್ಲ, ಗಿಡದ ಹೊಟ್ಟೆ ಒಳಗೇ ಇರ್ತದೆ. ಮುಟ್ಟಿ ನೋಡಿದ್ರೆ ದಪ್ಪಗೆ ಸಿಗ್ತದೆ. ಭೂಮಿ ಬಸುರಿ ಅನ್ನೋ ಮಾತನ್ನ ಯಾರೂ ಕೂತು ಯೋಚನೆ ಮಾಡಿ ಕಟ್ಟಿದ್ದಲ್ಲ, ಕಣ್ಣಿಗೆ ಕಂಡಿದ್ದನ್ನೇ ಹೇಳಿದ್ದು. ಬಸುರಿಗೆ ನಾಲಿಗೆ ಕೆಟ್ಟಿರ್ತದೆ, ಹುಳಿ ಬೇಕು, ಕಹಿ ಬೇಕು, ಸಿಹಿ ಬೇಕು, ಹಸಿರು ಬೇಕು. ಅದಕ್ಕೇ ಆ ಕಾಲದಲ್ಲಿ ಸಿಗೋದೆಲ್ಲ ಒಂದೊಂದು ಚಿಟಿಕೆ ಆದ್ರೂ ಬುಟ್ಟಿಗೆ ಬೀಳಬೇಕು.

ಬುಟ್ಟಿ ಎರಡು. ದೊಡ್ಡದು ಭೂಮಣ್ಣಿ ಬುಟ್ಟಿ, ಸಣ್ಣದು ಹಚ್ಚಂಬಲಿ ಬುಟ್ಟಿ. ಕೆಲವರು ಅಚ್ಚಂಬಲಿ ಅಂತಲೂ ಅಂತಾರೆ. ಮಹಾನವಮಿ ಹೊತ್ತಿಗೇ ಬಿದಿರ ಬುಟ್ಟಿಗೆ ಸಗಣಿ ಬಳಿದು, ಒಣಗಿಸಿ, ಕೆಮ್ಮಣ್ಣು ಹಚ್ಚಿ ಇಡ್ತಿದ್ವಿ. ಆಮೇಲೆ ಅಕ್ಕಿ ನೆನೆಸಿ ರುಬ್ಬಿದ ಬಿಳಿ ಬಣ್ಣದಲ್ಲಿ ಚಿತ್ತಾರ. ಕುಂಚ ಅಂದ್ರೆ ಪುಂಡಿ ನಾರಿನದು. ಭತ್ತದ ಸಸಿ, ಏಣಿ, ಎತ್ತಿನ ಗಾಡಿ ಎಲ್ಲ ಬರೀಬೇಕು. ನಮ್ಮವ್ವನ ಗೆರೆ ನೂಲು ಹಿಡಿದ ಹಂಗೆ ಬರ್ತಿತ್ತು. ನಂದು ಓಲಾಡ್ತಿತ್ತು. “ನಿನ್ನ ಗಾಡಿ ಚರಂಡಿಗೆ ಬಿದ್ದೈತೆ ನೋಡೇ” ಅಂತ ಅಜ್ಜಿ ನಗಾಡ್ತಿದ್ಲು.

ಅಡುಗೆ ರಾತ್ರಿಯೆಲ್ಲ. ಹೆಂಗಸರು ಮಲಗೋ ಹಂಗಿಲ್ಲ. ಮೊದಲು ಹಚ್ಚಂಬಲಿ. ಹರಿವೆ, ಕೆಸ, ಬಸಳೆ, ಸೌತೆ ಕುಡಿ, ಹೀರೆ ಕುಡಿ, ಹಾಗಲ ಕುಡಿ, ನುಗ್ಗೆ, ಒಂದೆಲಗ, ಹೊನಗೊನೆ, ಚಗಟೆ, ಕನ್ನೆ ಸೊಪ್ಪು, ಕಾಕಿ ಸೊಪ್ಪು, ಅಮಟೆ ಚಿಗುರು, ನೆಲನೆಲ್ಲಿ. ಹಿಂಗೆ ಹಿತ್ತಲು, ಗದ್ದೆ ಬದು, ಕಾನಿನ ಅಂಚು ಮೂರೂ ಕಡೆಯಿಂದ ತಂದಿದ್ದು. ಎಲ್ಲ ಒಟ್ಟಿಗೆ ಸಣ್ಣಗೆ ಹೆಚ್ಚಿ, ಅಕ್ಕಿ ನುಚ್ಚು ಹಾಕಿ, ದೊಡ್ಡ ಪಾತ್ರೆಯಲ್ಲಿ ಮೆತ್ತಗೆ ಬೇಯಿಸೋದು. ಇದು ನಮ್ಮ ಊಟಕ್ಕಲ್ಲ, ಗದ್ದೆಗೆ ಬೀರಕ್ಕೆ. ಆದ್ರೂ ನಾನು ಕದ್ದು ಒಂದು ಚಮಚ ತಿಂದಿದ್ದೀನಿ. ಕಹಿ, ಹುಳಿ, ಒಗರು ಒಂದರ ಮೇಲೊಂದು ಬರ್ತಾವೆ. ಯಾವುದು ಯಾವ ಸೊಪ್ಪಿಂದು ಅಂತ ಗೊತ್ತಾಗಲ್ಲ.

ಅದಾದ ಮೇಲೆ ಕೊಟ್ಟೆ ಕಡುಬು. ಒಂದು ಪಾವು ಉದ್ದಿನಬೇಳೆಗೆ ಎರಡು ಪಾವು ಅಕ್ಕಿ ರವೆ. ಬೇಳೆ ನುಣ್ಣಗೆ ರುಬ್ಬಿ ರವೆ ಕಲಸಿ ಹಿಂದಿನ ದಿನ ಸಂಜೆನೇ ಇಟ್ಟಿದ್ರೆ ನಡುರಾತ್ರಿ ಹೊತ್ತಿಗೆ ಉಬ್ಬಿರ್ತದೆ. ಬಾಳೆ ಎಲೆ ಬೆಂಕಿಗೆ ಹಿಡಿದು ಬಾಡಿಸಿ, ಸುತ್ತಿ, ಕಡ್ಡಿ ಚುಚ್ಚಿ ಕೊಟ್ಟೆ ಮಾಡ್ಕೋಬೇಕು. ಹಲಸಿನ ಎಲೆ ಆದ್ರೆ ನಾಲ್ಕು ಎಲೆ ಸೇರಿಸಿ ಕಟ್ಟಬೇಕು, ಪರಿಮಳ ಜಾಸ್ತಿ. ಮುಕ್ಕಾಲು ಕೊಟ್ಟೆ ಮಾತ್ರ ಹಿಟ್ಟು ಹುಯ್ಯಿರಿ, ಇಲ್ಲದಿದ್ರೆ ಉಕ್ಕಿ ಚೆಲ್ಲಿಬಿಡ್ತದೆ.

ಸಿಹಿಗೆ ಸೌತೆಕಾಯಿ ಕಡುಬು. ಮಳೆಗಾಲದ ಕೊನೆಗೆ ಬಳ್ಳಿಯಲ್ಲೇ ಬಲಿತು ಹಳದಿಗೆ ತಿರುಗಿದ ಸೌತೆಕಾಯಿ ಆಗಬೇಕು, ಎಳೇದಲ್ಲ. ಸಿಪ್ಪೆ, ತಿರುಳು ತೆಗೆದು ತುರಿದ್ರೆ ಎರಡು ಲೋಟ ಬರಲಿ. ಅದನ್ನ ಒಂದು ಲೋಟ ಜೋನಿಬೆಲ್ಲ, ಚೂರು ಉಪ್ಪಿನ ಜೊತೆ ಒಲೆ ಮೇಲಿಟ್ಟು ಕುದಿಸಿ. ನೀರು ಹಾಕಬೇಡಿ, ಸೌತೆಕಾಯೇ ನೀರು ಬಿಡ್ತದೆ. ಹುರಿದ ಅಕ್ಕಿ ರವೆ ಒಂದೂವರೆ ಲೋಟ ಸುರಿದು, ಕಾಯಿತುರಿ, ಏಲಕ್ಕಿ ಹಾಕಿ, ಗಟ್ಟಿಯಾಗೋ ತನಕ ಕೈ ಆಡಿಸಿ. ಬಾಳೆ ಎಲೆಗೆ ಹಚ್ಚಿ ಮಡಚಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸಿ. ಅರಿಶಿನದ ಎಲೆ ಸಿಕ್ಕಿದ್ರೆ ಅದೇ ಒಳ್ಳೇದು. ತುಪ್ಪ ಹಾಕ್ಕೊಂಡು ತಿನ್ನಬೇಕು. ಮಾರನೇ ದಿನಕ್ಕೆ ಇನ್ನೂ ರುಚಿ.

ಬೆಳಗಿನ ಜಾವ ಕತ್ತಲಲ್ಲಿ ಅಪ್ಪಯ್ಯ ಹಚ್ಚಂಬಲಿ ಬುಟ್ಟಿ ತಲೆ ಮೇಲೆ ಹೊತ್ಕೊಂಡು ಹೊರಡ್ತಿದ್ದ. ಮುಂದೆ ಒಬ್ಬರು ದೊಂದಿ ಹಿಡಿದು. ಗದ್ದೆ, ತೋಟ ಪೂರ್ತಿ ಸುತ್ತಿ, ಕೂಗ್ತಾ ಬೀರಿ ಬರೋದು. ಹೊತ್ತು ಹುಟ್ಟಿದ ಮೇಲೆ ನಾವೆಲ್ಲ ದೊಡ್ಡ ಬುಟ್ಟಿ ಹಿಡ್ಕೊಂಡು ಹೋಗ್ತಿದ್ವಿ. ಒಂದು ಭತ್ತದ ಬುಡಕ್ಕೆ ಅವ್ವನ ಹೊಸ ಸೀರೆ, ತಾಳಿಸರ ಇಟ್ಟು ಪೂಜೆ. ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ. ಕೊನೆಗೆ ಒಂದು ಕಡುಬನ್ನ ಗದ್ದೆ ಮಣ್ಣಲ್ಲಿ ಹೂತು ಗುರುತಿಗೆ ಕೋಲು ನೆಡೋದು. ಸುಗ್ಗಿಯಲ್ಲಿ ಕೊಯ್ಲಿಗೆ ಬಂದಾಗ ಅದನ್ನ ತೆಗೀತಾರೆ. ಇಷ್ಟು ಮುಗಿದ ಮೇಲೆ ಬದುವಿನ ಮೇಲೆ ಸಾಲಾಗಿ ಕೂತು ಎಲ್ಲರ ಊಟ.

ಇಷ್ಟು ಹೇಳಿದ ಮೇಲೆ ನಮ್ಮಜ್ಜಿ ಹೇಳಿದ ಮಾತು ಹೇಳಲೇಬೇಕು. ಆ ಗದ್ದೆ ನಮ್ಮದಾಗಿರಲಿಲ್ಲ.

ನಮ್ಮದು ಗೇಣಿ ಮನೆ. ಉಳೋದು ನಾವು, ಬಿತ್ತೋದು ನಾವು, ಬಯಕೆ ಉಣ್ಣಿಸೋದು ನಾವು. ಹೆರಿಗೆ ಆದ ಮೇಲೆ ಕೂಸನ್ನ ಕೊಳಗದಲ್ಲಿ ಅಳೆದು ಇನ್ನೊಬ್ಬರು ತಗಂಡು ಹೋಗ್ತಿದ್ರು ಅಂತ ಅಜ್ಜಿ ಹೇಳ್ತಿದ್ಲು. ಗೇಣಿ ಭತ್ತ ಅಳೆಯೋ ಕೊಳಗ ಒಂದು, ವಾಪಸ್ ಕೊಡೋ ಕೊಳಗ ಇನ್ನೊಂದು. ಮಳೆಗಾಲಕ್ಕೆ ಉಣ್ಣಕ್ಕೆ ಇಲ್ಲದೆ ಅದೇ ಭತ್ತ ಸಾಲ ತರಬೇಕಿತ್ತು. “ಹಬ್ಬದ ದಿನ ಮಾತ್ರ ಭೂಮಿ ನಮ್ಮದು ಕಣೇ. ಬಾಕಿ ದಿನ ನಾವು ಭೂಮಿಯೋರು, ಅಷ್ಟೆ” ಅಂತಿದ್ಲು. ಸಣ್ಣವಳಿದ್ದಾಗ ಈ ಮಾತಿನ ತೂಕ ನನಗೆ ಗೊತ್ತಾಗಿರಲಿಲ್ಲ.

ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಅದರಲ್ಲೂ ಮುಖ್ಯ ತಕರಾರು ಇದೇ ಕೊಳಗದ ಅಳತೆಯದ್ದು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಬಂಧನಕ್ಕೆ ಒಳಗಾದರು. ಕಾನೂನು ಬರಕ್ಕೆ ಮಾತ್ರ ಇನ್ನೂ ಇಪ್ಪತ್ತು ವರ್ಷದ ಮೇಲೇ ಹಿಡಿಯಿತು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಅನ್ನೋ ಮಾತು ನಮ್ಮೂರಿಗೂ ಬಂತು. ಗೇಣಿದಾರರು ಏಳನೇ ನಂಬರ್ ಫಾರಂ ತುಂಬಿ ಭೂನ್ಯಾಯಮಂಡಳಿಗೆ ಕೊಡಬೇಕಿತ್ತು. ನಮ್ಮ ಅಜ್ಜ ಹೆಬ್ಬೆಟ್ಟು ಒತ್ತಿದ. ಅಪ್ಪಯ್ಯ ಸೊರಬಕ್ಕೆ ನಡ್ಕೊಂಡು ಹೋಗಿ ಬಂದಿದ್ದಕ್ಕೆ ಲೆಕ್ಕ ಇಲ್ಲ.

ತೀರ್ಪು ನಮ್ಮ ಕಡೆ ಆದ ವರ್ಷ ನಾನು ಏಳೆಂಟು ವರ್ಷದ ಹುಡುಗಿ. ಆ ವರ್ಷದ ಭೂಮಿ ಹುಣ್ಣಿಮೆಗೆ ಅಜ್ಜಿ ಹೂತಿಡಕ್ಕೆ ಒಂದರ ಬದಲು ಎರಡು ಕಡುಬು ತಂದಿದ್ಲು. ಯಾಕಜ್ಜಿ ಎರಡು ಅಂತ ಕೇಳಿದೆ. “ಒಂದು ಈ ವರ್ಷದ್ದು. ಇನ್ನೊಂದು ಹಳೇ ಬಾಕಿ” ಅಂದ್ಲು. ಅವ್ವ ಮುಖ ಆ ಕಡೆ ತಿರುಗಿಸಿಕೊಂಡಳು. ಶಾಲೆ, ಕಾಲೇಜಿನ ಇತಿಹಾಸದ ಪುಸ್ತಕದಲ್ಲಿ ಭೂಸುಧಾರಣೆ ಅಂತ ಓದಿದಾಗೆಲ್ಲ ನನಗೆ ನೆನಪಾಗೋದು ಕಾಯ್ದೆಯ ಸೆಕ್ಷನ್ ಅಲ್ಲ, ಆ ಎರಡನೇ ಕಡುಬು.

ಪಿಯುಸಿ ಮುಗಿಸಿದ ಎರಡು ವರ್ಷಕ್ಕೆ ಮದುವೆ ಆಗಿ ಶಿಕಾರಿಪುರ ಕಡೆ ಬಂದೆ. ಮೊದಲನೇ ವರ್ಷ ಸೀಗಿ ಹುಣ್ಣಿಮೆ ಬಂದಾಗ ನಾನು ಸೊಪ್ಪು ಕೊಯ್ಯಕ್ಕೆ ಹೊರಟಿದ್ದು ನೋಡಿ ನಮ್ಮತ್ತೆಯವರು, “ಏನವ್ವಾ, ದನಕ್ಕೆ ಮೇವಿಲ್ಲ ಅಂತ ಯಾರು ಹೇಳಿದ್ರು?” ಅಂದ್ರು. ಇಲ್ಲಿ ಬುಟ್ಟಿಯ ಲೆಕ್ಕ ಬೇರೆ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಪುಡಿ, ಅಗಸಿ ಚಟ್ನಿ, ಬುತ್ತಿಗೆ ಮೊಸರನ್ನ, ಸಿಹಿಗೆ ಕರಿಗಡುಬು, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ. ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರು ಅಂತ ಪೂಜೆ ಮಾಡ್ತಾರೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ತೆಗೆದು ಕಲಸಿ ಹೊಲದ ಸುತ್ತ ಬೀರೋದಕ್ಕೆ ಚರಗ ಅಂತಾರೆ. ನಮ್ಮದು ಹಚ್ಚಂಬಲಿ, ಇವರದ್ದು ಚರಗ. ಕೂಗೋ ಮಾತು ಬೇರೆ, ಕೂಗೋ ರಾಗ ಮಾತ್ರ ನನಗೆ ತವರಿನದ್ದೇ ಅನ್ನಿಸಿತ್ತು.

ಶೇಂಗಾ ಹೋಳಿಗೆ ನಾನು ಕಲಿತಿದ್ದು ಅತ್ತೆಯವರ ಹತ್ರ. ಶೇಂಗಾ ಹದವಾಗಿ ಹುರಿದು, ಸಿಪ್ಪೆ ತೂರಿ, ಪುಡಿ ಮಾಡಿ, ಅದರ ಮುಕ್ಕಾಲು ಭಾಗ ಬೆಲ್ಲ, ಹುರಿದ ಎಳ್ಳಿನ ಪುಡಿ ಒಂದು ಹಿಡಿ, ಏಲಕ್ಕಿ. ನೀರು ಚಿಮುಕಿಸಿ ಉಂಡೆ ಕಟ್ಟಿ ಕಣಕದಲ್ಲಿ ತುಂಬಿ ಲಟ್ಟಿಸೋದು. ವಾರ ಇಟ್ಟರೂ ಕೆಡಲ್ಲ. “ಪಾಂಡವರ ಕಾಲದಿಂದ ಇದೇ ಎಡೆ ನಡ್ಕೊಂಡು ಬಂದೈತಿ” ಅಂತ ಅತ್ತೆಯವರು ಹೇಳ್ತಿದ್ರು. ನಾನು ತಲೆ ಆಡಿಸ್ತಿದ್ದೆ. ಬಹಳ ವರ್ಷದ ಮೇಲೆ ಗೊತ್ತಾಗಿದ್ದು, ಶೇಂಗಾ ಅಮೆರಿಕ ಖಂಡದಿಂದ ಬಂದ ಬೆಳೆ ಅಂತ. ಅದು ನಮ್ಮ ದೇಶಕ್ಕೆ ಬಂದಿದ್ದೇ ಪೋರ್ಚುಗೀಸರು ಬಂದ ಮೇಲೆ. ಅತ್ತೆಯವರಿಗೆ ಹೇಳಿದ್ರೆ, “ಹಂಗಾದ್ರೆ ಪಾಂಡವರು ಎಳ್ಳು ಹೋಳಿಗೆ ತಿಂದಿರ್ಬೇಕು ಬಿಡು” ಅಂದು ನಕ್ಕರು. ಅದು ಸರಿಯಾದ ಉತ್ತರವೇ. ಎಳ್ಳು ಈ ನೆಲದ ಬಹಳ ಹಳೇ ಬೆಳೆ.

ಅವತ್ತಿಂದ ನನಗೊಂದು ಹುಚ್ಚು ಹಿಡೀತು. ಬುಟ್ಟಿಯಲ್ಲಿರೋ ಒಂದೊಂದೂ ಯಾವಾಗ ಬಂದಿದ್ದು ಅಂತ ಹುಡುಕೋದು. ತವರಿಗೂ ಗಂಡನ ಮನೆಗೂ ಓಡಾಡೋ ದಾರಿಯಲ್ಲಿ ಶಿರಾಳಕೊಪ್ಪದ ಹತ್ರನೇ ತಾಳಗುಂದ, ಬಳ್ಳಿಗಾವಿ ಎರಡೂ ಇದಾವೆ. ಮಕ್ಕಳು ಸಣ್ಣವರಿದ್ದಾಗ ಬಸ್ಸಿಳಿದು ನೋಡ್ಕೊಂಡು ಹೋಗಿದ್ವಿ. ತಾಳಗುಂದದ ಕಲ್ಲಿನ ಕಂಬದ ಶಾಸನ ಸುಮಾರು 450ನೇ ಇಸವಿಯದ್ದು. ಕದಂಬರ ಮಯೂರಶರ್ಮನ ಕಥೆ ಅದರಲ್ಲಿದೆ ಅಂತ ನಾವೆಲ್ಲ ಓದಿದ್ದೇವೆ. ಆದರೆ ಆ ಶಾಸನ ಹಾಕಿಸಿದ್ದು ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ಸಲುವಾಗಿ. ಕೆರೆ ಇದ್ದಲ್ಲಿ ಗದ್ದೆ, ಗದ್ದೆ ಇದ್ದಲ್ಲಿ ಅನ್ನ. ಶಾಸನಗಳಲ್ಲಿ ಬರುವ ಗದ್ದೆ, ಕೊಳಗ, ಖಂಡುಗ ಅನ್ನುವ ಮಾತುಗಳನ್ನು ನಮ್ಮ ಹಿರಿಯರು ಮೊನ್ನೆ ಮೊನ್ನೆವರೆಗೂ ಆಡ್ತಿದ್ದರು.

ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕೋಡಿಯಮಠ ಅಂತ ಇತ್ತು. ಅದರ 1162ರ ಶಾಸನದಲ್ಲಿ ಅಲ್ಲಿ ಏನೇನು ಓದಿಸ್ತಿದ್ದರು ಅನ್ನುವ ಪಟ್ಟಿಯ ಜೊತೆಗೆ ಯಾರು ಯಾರಿಗೆ ಅನ್ನ ಹಾಕ್ತಿದ್ದರು ಅನ್ನುವ ಪಟ್ಟಿಯೂ ಇದೆ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು. ರೋಗಿಗಳಿಗೆ ಔಷಧವನ್ನೂ ಕೊಡ್ತಿದ್ದರಂತೆ. ಉಂಡವರ ಪಟ್ಟಿ ಓದಿ ನನಗೆ ಬಹಳ ಸಂತೋಷ ಆಯ್ತು. ಅಷ್ಟು ಜನಕ್ಕೆ ಬೇಯಿಸಿದವರು ಯಾರು, ಮೇಲೋಗರಕ್ಕೆ ಯಾವ ಸೊಪ್ಪು ಅನ್ನೋದೂ ಇದ್ದಿದ್ರೆ ಇನ್ನೂ ಸಂತೋಷ ಆಗ್ತಿತ್ತು.

ಅಡುಗೆ ಬಗ್ಗೆ ಕನ್ನಡದಲ್ಲಿ ಹಳೇ ಕಾಲದಲ್ಲೇ ಬರೆದಿದ್ದಾರೆ. ಚಾವುಂಡರಾಯನ ‘ಲೋಕೋಪಕಾರ’ 1025ರ ಸುಮಾರಿನದ್ದು, ಕಲ್ಯಾಣ ಚಾಲುಕ್ಯರ ಕಾಲ. ನಮ್ಮ ಬನವಾಸಿ ಸೀಮೆಯೂ ಆಗ ಅವರ ಕೈಯಲ್ಲೇ ಇತ್ತು. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸಿ ಮಾಡುವ ಇಡ್ಲಿಯ ಕ್ರಮ ಅದರಲ್ಲಿದೆ. ಅಕ್ಕಿಯ ಮಾತೇ ಇಲ್ಲ, ಬರೀ ಉದ್ದು. ನಮ್ಮ ಕೊಟ್ಟೆ ಕಡುಬಿನ ಅಜ್ಜಿಯೋ ಮುತ್ತಜ್ಜಿಯೋ ಇರಬೇಕು. ಆಮೇಲೆ ಮಂಗರಸನ ‘ಸೂಪಶಾಸ್ತ್ರ’, 1508ರ ಸುಮಾರು. ಪೂರ್ತಿ ಸಸ್ಯಾಹಾರದ ಅಡುಗೆ, ಅದೂ ಪದ್ಯದಲ್ಲಿ. ಬದನೆಕಾಯಿ, ಹಲಸು, ಬಾಳೆ, ಬಿದಿರ ಕಳಲೆ, ಎಲ್ಲವೂ ನಮ್ಮ ಹಿತ್ತಲಿನವೇ. ನಮ್ಮ ಮಗ್ಗುಲಲ್ಲೇ ಆಳಿದ ಕೆಳದಿ ಅರಸರೂ ಕಡಿಮೆ ಇಲ್ಲ. ರಾಣಿ ಚೆನ್ನಮ್ಮನ ದತ್ತುಮಗ ಬಸವಪ್ಪ ನಾಯಕ 1709ರಲ್ಲಿ ಮುಗಿಸಿದ ‘ಶಿವತತ್ತ್ವರತ್ನಾಕರ’ ಅನ್ನುವ ದೊಡ್ಡ ಸಂಸ್ಕೃತ ಗ್ರಂಥದಲ್ಲಿ ಅಡುಗೆಮನೆಗೂ ಅಡುಗೆಗೂ ಜಾಗ ಕೊಟ್ಟಿದ್ದಾನೆ.

ಇವನ್ನೆಲ್ಲ ತಿಳ್ಕೊಂಡ ಮೇಲೆ ಬುಟ್ಟಿ ಮುಂದೆ ಕೂತು ಎಣಿಸಿದ್ರೆ ಬೇರೆ ಥರ ಕಾಣ್ತದೆ. ಸೌತೆ, ಹೀರೆ, ಹಾಗಲ, ಬದನೆ, ಬೂದುಗುಂಬಳ, ಕೆಸ, ಅಮಟೆ, ಉದ್ದು, ಎಳ್ಳು, ಇವೆಲ್ಲ ಹಳೇ ಮನೆಯವರು. ಸಿಹಿಗುಂಬಳ, ಗೆಣಸು, ಶೇಂಗಾ, ಹಸಿಮೆಣಸಿನಕಾಯಿ, ಬೀನ್ಸು, ಆಲೂಗೆಡ್ಡೆ, ಟೊಮೆಟೊ ಆಮೇಲೆ ಬಂದ ಸೊಸೆಯರು. ಎಲ್ಲವೂ ಅಮೆರಿಕ ಖಂಡದವು. ಪೋರ್ಚುಗೀಸರು ಗೋವಾ ಹಿಡಿದಿದ್ದು 1510ರಲ್ಲಿ. ಮಂಗರಸ ಬರೆಯೋ ಹೊತ್ತಿಗೆ ಮೆಣಸಿನಕಾಯಿ ಇನ್ನೂ ನ���್ಮ ಒಲೆ ಹತ್ರ ಬಂದಿರಲಿಲ್ಲ. ಖಾರಕ್ಕೆ ಮೆಣಸೇ. ಆ ಮೆಣಸಿಗಾಗಿಯೇ ಪೋರ್ಚುಗೀಸರು ಕೆಳದಿಯವರ ಜೊತೆ ವ್ಯಾಪಾರ ಮಾಡಿದ್ದು, ಜಗಳ ಆಡಿದ್ದು. ನಮ್ಮಿಂದ ಮೆಣಸು ಹಡಗು ಹತ್ತಿತು, ಅವರ ಹಡಗಿಂದ ಮೆಣಸಿನಕಾಯಿ ಇಳೀತು. ಹೆಸರನ್ನೇ ನೋಡಿ. ಹೊಸದು ಬಂದು ಹಳೇದರ ಹೆಸರು ತಗಂಡು ಮೆಣಸಿನಕಾಯಿ ಆಯ್ತು. ಹಳೇ ಮೆಣಸು ತನ್ನ ಮನೆಯಲ್ಲೇ ಕಾಳುಮೆಣಸು ಅಂತ ಬೇರೆ ಹೆಸರು ಇಟ್ಕೋಬೇಕಾಯ್ತು.

ಅಂದ್ರೆ ಬುಟ್ಟಿ ಯಾವತ್ತೂ ಒಂದೇ ಥರ ಇರಲಿಲ್ಲ. ಭೂಮಿತಾಯಿ ಹೊಸದನ್ನ ಬೇಡ ಅಂದವಳಲ್ಲ. ಸಿಹಿಗುಂಬಳದ ಕುಡಿ ಅವ್ವನ ನೂರ ಒಂದರಲ್ಲಿ ನಾಲ್ಕನೇ ನಂಬರಿಗೆ ಬಂದು ಕೂತಿದೆ! ನಾನು ಹಳೇದೇ ಚೆಂದ ಅಂತ ಹೇಳಕ್ಕೆ ಇಷ್ಟೆಲ್ಲ ಬರೀತಿಲ್ಲ. ನನ್ನ ಸಂಕಟ ಬೇರೆ. ಮೊದಲು ಬಂದವು ಹಳೇವರ ಪಕ್ಕದಲ್ಲಿ ಜಾಗ ಮಾಡ್ಕೊಂಡ್ವು. ಈಗ ಬರೋವು ಉಳಿದವರನ್ನ ಹೊರಗೆ ಹಾಕಿ ಬಾಗಿಲು ಹಾಕ್ಕೊಳ್ತಾವೆ.

ನಮ್ಮ ಶಿಕಾರಿಪುರ ಕಡೆ ನೋಡಿ. ನಾನು ಮದುವೆಯಾಗಿ ಬಂದಾಗ ಹೊಲದಲ್ಲಿ ಜೋಳದ ಜೊತೆ ಅವರೆ, ಅಕ್ಕಡಿ ಸಾಲಲ್ಲಿ ಪುಂಡಿ, ಗುರೆಳ್ಳು, ಎಳ್ಳು ಎಲ್ಲ ಇರ್ತಿತ್ತು. ಒಂದು ಹೊಲದಿಂದ ಒಂದು ಬುಟ್ಟಿ ತುಂಬ್ತಿತ್ತು. ಈಗ ಕಣ್ಣು ಹಾಯೋವರೆಗೆ ಗೋವಿನಜೋಳ. ಹಬ್ಬಕ್ಕೆ ಪುಂಡಿಪಲ್ಯ ಸಂತೆಯಿಂದ, ಗುರೆಳ್ಳು ಅಂಗಡಿಯಿಂದ. ಹೊಲಕ್ಕೆ ಹೊತ್ಕೊಂಡು ಹೋಗೋ ಎಡೆಯಲ್ಲಿ ಆ ಹೊಲದ್ದು ಅಂತ ಒಂದು ಕಾಳೂ ಇರಲ್ಲ. ಬಸುರಿಗೆ ಹೋಟೆಲಿಂದ ತಂದು ಬಡಿಸಿದ ಹಂಗೆ.

ತವರಲ್ಲಿ ಬೇರೆ ಕಥೆ. ಎರಡು ವರ್ಷದ ಹಿಂದೆ ನನ್ನ ತಮ್ಮ ಗದ್ದೆಯನ್ನ ಶುಂಠಿಗೆ ಗುತ್ತಿಗೆ ಕೊಟ್ಟ. ಅವನನ್ನ ಬೈಯಕ್ಕೆ ನನಗೆ ಬಾಯಿ ಇಲ್ಲ. ನೆಟ್ಟಿಗೆ ಆಳು ಸಿಗಲ್ಲ, ಭತ್ತಕ್ಕೆ ರೇಟಿಲ್ಲ, ಮಗಳ ಕಾಲೇಜು ಫೀಸು ಕಟ್ಟಬೇಕು. ಗುತ್ತಿಗೆ ದುಡ್ಡು ಒಂದೇ ಸಲ ಕೈಗೆ ಬರ್ತದೆ. ಆದ್ರೆ ಶುಂಠಿಯವರು ಮೊದಲು ಮಾಡೋ ಕೆಲಸ ಕಳೆನಾಶಕ ಹೊಡೆಯೋದು. ಬದು ಸಮೇತ ಸುಟ್ಟ ಹಂಗಾಯ್ತು. ಒಂದೆಲಗ, ಹೊನಗೊನೆ, ಕಾಕಿ ಸೊಪ್ಪು, ಕನ್ನೆ, ನೆಲನೆಲ್ಲಿ ಎಲ್ಲ ಒಂದೇ ವಾರದಲ್ಲಿ ಹೋದ್ವು. “ಕಳೆ ಎಲ್ಲ ಸತ್ತು ನೋಡವ್ವ, ಎಷ್ಟು ಸ್ವಚ್ಛ ಆತು” ಅಂದ ತಮ್ಮ. ಅವ್ವ ಸುಮ್ಮನೆ ನೋಡಿ, “ಅದು ಕಳೆ ಅಲ್ಲ ಮಾರಾಯ, ಹಚ್ಚಂಬಲಿ” ಅಂದ್ಲು.

ಆ ವರ್ಷ ಹುಣ್ಣಿಮೆಗೆ ನಾನೂ ಹೋಗಿದ್ದೆ. ಗದ್ದೆಯಲ್ಲಿ ಭತ್ತನೇ ಇಲ್ಲ, ಹಬ್ಬ ಯಾಕೆ ಅಂತ ತಮ್ಮನ ಮಾತು. “ಅಡಿಕೆ ತೋಟಕ್ಕೆ ಪೂಜೆ ಮಾಡಿ ಮುಗಿಸಾಣ, ಅಡಿಕೆನೂ ಗೊನೆ ಹೊತ್ತೈತೆ” ಅಂದ. ಅವ್ವ, “ಅಡಿಕೆಗೂ ಕೊಡಾಣ. ಬ್ಯಾಡ ಅಂದೋರು ಯಾರು? ಆದ್ರೆ ನಿಮ್ಮಜ್ಜ ಹೆಬ್ಬೆಟ್ಟು ಒತ್ತಿದ್ದು ಅಡಿಕೆಗಲ್ಲ” ಅಂದ್ಲು. ಆಮೇಲೆ ಮಾತಿರಲಿಲ್ಲ. ಬುಟ್ಟಿಗೆ ನಾನೇ ಚಿತ್ತಾರ ಬರೆದೆ. ಸೊಪ್ಪು ಹುಡುಕಕ್ಕೆ ನಾನು, ತಮ್ಮನ ಹೆಂಡತಿ, ಮಗಳು ಮೂರು ಜನ ಬೆಳಗಿಂದ ಸಂಜೆ ತನಕ ತಿರುಗಿದ್ವಿ. ಹಿತ್ತಲು, ಹಳ್ಳದ ದಂಡೆ, ಪಕ್ಕದವರ ಬೇಲಿ. ಅವ್ವ ಎಣಿಸಿದ್ಲು. ಮೂವತ್ತೇಳು.

ಬೆಳಗಿನ ಜಾವ ತಮ್ಮ ಎದ್ದ. ಏನೂ ಮಾತಾಡ್ಲಿಲ್ಲ. ಟಾರ್ಚ್ ಹಿಡಿದು, ಬುಟ್ಟಿ ತಲೆ ಮೇಲಿಟ್ಕೊಂಡು ಹೊರಟ. ಶುಂಠಿ ಸಾಲುಗಳ ಮೇಲೆ ಹಚ್ಚಂಬಲಿ ಬೀರ್ತಾ ಕೂಗಿದ್ದು ಮನೆ ತನಕ ಕೇಳ್ತು. ಕಡುಬು ಎಲ್ಲಿ ಹೂತೆ ಅಂತ ಅವ್ವ ಕೇಳಿದ್ದಕ್ಕೆ, “ಹಳೇ ಜಾಗದಲ್ಲೇ” ಅಂದ. ಆ ಸಲ ಭತ್ತದ ಕೊಯ್ಲು ಇರಲಿಲ್ಲ, ಯಾರೂ ಅದನ್ನ ತೆಗೀಲಿಲ್ಲ.

ಗುತ್ತಿಗೆ ಮುಗಿದಿದೆ. ಈ ಸಲ ಹಳ್ಳದ ಮಗ್ಗುಲಲ್ಲಿ ಐದು ಗುಂಟೆ ಭತ್ತ ನೆಟ್ಟಿದ್ದಾನೆ. ಉಳಿದಿದ್ದಕ್ಕೆಲ್ಲ ಅಡಿಕೆ ಸಸಿ. ಐದು ಗುಂಟೆಯಲ್ಲಿ ಎಷ್ಟು ಭತ್ತ ಬರ್ತದೆ ಅಂತ ನಿಮಗೂ ಗೊತ್ತು, ಲಾಭದ ಮಾತಲ್ಲ. ಅದಕ್ಕೆ ಮಕ್ಕಳು ಅವ್ವನ ಗದ್ದೆ ಅಂತ ಹೆಸರಿಟ್ಟಿದ್ದಾರೆ. ಅಲ್ಲಿ ಕಳೆನಾಶಕ ಹೊಡೆಯೋ ಹಂಗಿಲ್ಲ.

ನಾನು ಒಂದು ನೋಟ್‌ಬುಕ್ ಇಟ್ಟಿದ್ದೀನಿ. ಅವ್ವ ಎಣಿಸೋ ಸೊಪ್ಪಿನ ಹೆಸರನ್ನೆಲ್ಲ ಬರೀತಾ ಬಂದಿದ್ದೀನಿ. ಕಲ್ಲಿನ ಶಾಸನದಲ್ಲಿ ಉಂಡವರ ಪಟ್ಟಿ ಇದೆ, ಅರಸರ ಪುಸ್ತಕದಲ್ಲಿ ಅರಮನೆ ಅಡುಗೆ ಇದೆ. ಗದ್ದೆ ಬದುವಿನ ಸೊಪ್ಪಿನ ಪಟ್ಟಿ ಇರೋದು ಈ ಮುದುಕಿಯ ಬೆರಳ ಮೇಲೆ ಮಾತ್ರ. ಇಲ್ಲಿ ತನಕ ಅರವತ್ತಮೂರು ಹೆಸರು ಸಿಕ್ಕಿದಾವೆ. ಉಳಿದಿದ್ದು ಯಾವುದವ್ವ ಅಂದ್ರೆ, “ಹೆಸರು ಹೇಳಕ್ಕೆ ಬರಲ್ಲ ಕಣೇ. ಕಂಡ್ರೆ ಗೊತ್ತಾಗ್ತದೆ, ಕಿತ್ಕೊಂಡು ಬಾ” ಅಂತಾಳೆ. ಎಲ್ಲಿಂದ ಕಿತ್ಕೊಂಡು ಬರಲಿ?

ಈ ಹುಣ್ಣಿಮೆಗೆ ಎರಡು ದಿನ ಮುಂಚೆನೇ ತವರಿಗೆ ಹೋಗ್ತಿದ್ದೀನಿ. ಅತ್ತೆಯವರು ತೀರಿಕೊಂಡು ನಾಲ್ಕು ವರ್ಷ ಆಯ್ತು. ಅವರ ಲೆಕ್ಕದ್ದು ಅಂತ ಎಳ್ಳು ಹೋಳಿಗೆ ಡಬ್ಬಿ ತುಂಬಿ ಇಟ್ಟಿದ್ದೀನಿ, ಸೊರಬದ ಗದ್ದೆಯಲ್ಲಿ ಶಿಕಾರಿಪುರದ ಎಡೆಯೂ ಒಂದು ಇರಲಿ ಅಂತ. ನಿಮ್ಮ ಮನೆ ಬುಟ್ಟಿಗೆ ಯಾವ ಯಾವ ಸೊಪ್ಪು ಬೀಳ್ತಿತ್ತು ಅಂತ ನಿಮ್ಮ ಅವ್ವನೋ ಅಜ್ಜಿಯೋ ಇದ್ರೆ ಕೇಳಿ, ಹೆಸರು ಗೊತ್ತಿದ್ರೆ ನನಗೂ ಹೇಳಿ. ಹೆಸರು ಗೊತ್ತಿಲ್ಲ, ಎಲೆ ಹೆಂಗಿರ್ತದೆ ಅಂತ ಗೊತ್ತು ಅಂದ್ರೂ ಸಾಕು. ಅವ್ವನ ಹತ್ರ ಕೇಳ್ತೀನಿ.